ಮುಂದಿನ ಕ್ಯಾಂಪೇನ್ ಯಾವುದು ನಡೆಸಲಿ? ಸ್ಟ್ರಾಡ್, ಚುಲ್ಟ್ ಕಾಡು, ಇಲ್ಲಾ ನಮ್ಮದೇ ಕಥೆ?

ಗುಹೆದಾರಿ:

ಎಲ್ಲರಿಗೂ ನಮಸ್ಕಾರ. ನಮ್ಮ ಗುಂಪು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ, ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಕಥೆಯಾಟ) ಆಟದ 'ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್' ಅನ್ನೋ ಕ್ಯಾಂಪೇನ್, ಅಂದರೆ ಹಲವು ಸೆಷನ್ ಸಾಗುವ ಉದ್ದ ಕಥೆ, ಮುಗಿಸಿದೆ. ನಾನು ಡಿಎಂ, ಅಂದರೆ ಕಥೆ ನಡೆಸುವ ಕೆಲಸ ನನ್ನದು, ಆಡುವವರು ಐದು ಜನ. ಅವರಿಗೆಲ್ಲ ಇದೇ ಮೊದಲ ಕ್ಯಾಂಪೇನ್, ನಾನು ನಡೆಸಿದ್ದೂ ಇದೇ ಮೊದಲು. ವೇವ್ ಎಕೋ ಕೇವ್‌ನಲ್ಲಿ ಖಳ ಬ್ಲ್ಯಾಕ್ ಸ್ಪೈಡರ್ ಬಿದ್ದ ಮೇಲೆ ಯಾರೂ ಎದ್ದು ಹೊರಡಲಿಲ್ಲ. ಮುಂದೇನು, ಮುಂದೇನು ಅಂತ ಅಲ್ಲೇ ಶುರು ಮಾಡಿದರು. ಈಗ ನಾನು ಏನಾದರೂ ಒಂದು ಆರಿಸಬೇಕು, ಮತ್ತು ಆರಿಸಿದ್ದು ಕನಿಷ್ಠ ಒಂದು ವರ್ಷ ನಮ್ಮ ಜೊತೆ ಇರುತ್ತದೆ, ಹಾಗಾಗಿ ಸುಮ್ನೆ ಒಂದು ಪುಸ್ತಕ ಎತ್ತಿಕೊಳ್ಳೋಕೆ ಮನಸ್ಸು ಬರುತ್ತಿಲ್ಲ.

ಗುಂಪಿನ ಬಗ್ಗೆ ಹೇಳುತ್ತೇನೆ. ಎರಡು ವಾರಕ್ಕೊಮ್ಮೆ ಸೇರುತ್ತೇವೆ, ಮೂರು ಗಂಟೆ ಆಡುತ್ತೇವೆ. ಒಬ್ಬರಿಗೆ ಕೆಲಸದ ಪಾಳಿ ಬದಲಾಗುತ್ತಾ ಇರುತ್ತದೆ, ಆಗಾಗ ಬರೋಕೆ ಆಗುವುದಿಲ್ಲ. ಆದರೆ ಬಂದ ದಿನ ಅವರಷ್ಟು ಮನಸ್ಸಿಟ್ಟು ಆಡುವವರು ಇನ್ನೊಬ್ಬರಿಲ್ಲ, ಅವರನ್ನು ಬಿಟ್ಟು ಆಡುವ ಮಾತೇ ಇಲ್ಲ. ಇಬ್ಬರಿಗೆ ಪಾತ್ರ, ಮಾತುಕತೆ ಇಷ್ಟ. ಒಬ್ಬರಿಗೆ ಯುದ್ಧ ಬೇಕು, ಪಾತ್ರದ ಬಲ ಏರುವ ಪ್ರತಿ ಲೆವೆಲ್‌ಗೂ ಮುಂದೆ ಏನು ತೆಗೆದುಕೊಳ್ಳಬೇಕು ಅಂತ ಮೊದಲೇ ಬರೆದಿಟ್ಟುಕೊಂಡು ಬರುತ್ತಾರೆ. ಇನ್ನೊಬ್ಬರು ಜಾಸ್ತಿ ಮಾತಾಡುವುದಿಲ್ಲ, ಆದರೆ ಒಗಟು ಬಂದರೆ ಮುಂದೆ ಬಾಗಿ ಕೂರುತ್ತಾರೆ.

ಇಡೀ ಆಟದಲ್ಲಿ ಎಲ್ಲರೂ ಈಗಲೂ ಮಾತಾಡುವುದು ಥಂಡರ್‌ಟ್ರೀ ಅನ್ನೋ ಹಾಳೂರಿನ ಬಗ್ಗೆ. ಅಲ್ಲಿ ವೆನಮ್‌ಫ್ಯಾಂಗ್ ಅನ್ನೋ ಹಸಿರು ಡ್ರ್ಯಾಗನ್ ಇದೆಯಲ್ಲಾ, ಅದರ ಜೊತೆ ಹೊಡೆದಾಡದೆ ಮಾತಿಗಿಳಿದರು, ಅದೂ ಸುಳ್ಳು ಹೇಳಿತು, ಇವರೂ ಸುಳ್ಳು ಹೇಳಿದರು, ಕೊನೆಗೆ ಜೀವ ಉಳಿಸಿಕೊಂಡು ಹೊರಬಂದರು.

ಮನಸ್ಸಿನಲ್ಲಿ ಇರುವುದು ಇಷ್ಟು. 'ಕರ್ಸ್ ಆಫ್ ಸ್ಟ್ರಾಡ್' ಎಲ್ಲರೂ ಹೊಗಳುತ್ತಾರೆ, ಆದರೆ ಭಯದ ಕಥೆ ನಮಗೆ ಒಗ್ಗುತ್ತಾ? ಚುಲ್ಟ್ ಕಾಡಿನಲ್ಲಿ ನಡೆಯುವ 'ಟೂಮ್ ಆಫ್ ಅನಾಯಲೇಷನ್' ನನಗೆ ಓದೋಕೆ ತುಂಬಾ ಹಿಡಿಸಿತು. 'ಸ್ಟಾರ್ಮ್ ಕಿಂಗ್ಸ್ ಥಂಡರ್' ಆದರೆ ಇದೇ ಪಾತ್ರಗಳನ್ನು ಮುಂದುವರಿಸಬಹುದು. ಮಾತುಕತೆ ಇಷ್ಟಪಡುವವರಲ್ಲಿ ಒಬ್ಬರು ಡಿ ಅಂಡ್ ಡಿ ಬಿಟ್ಟು 'ಕಾಲ್ ಆಫ್ ಕ್ತುಲು' ಅನ್ನೋ ಭಯ, ತನಿಖೆಯ ಆಟದ 'ಮಾಸ್ಕ್ಸ್ ಆಫ್ ನ್ಯಾರ್ಲಾಥೊಟೆಪ್' ಆಡೋಣ ಅಂತಾರೆ. ಇಲ್ಲಾ ನಾನೇ ಒಂದು ಲೋಕ ಕಟ್ಟಲಾ? ನೀವು ನಡೆಸಿದ್ದರೆ, ಆಡಿದ್ದರೆ, ನಿಮ್ಮ ಅನುಭವ ಹೇಳಿ. "ಚೆನ್ನಾಗಿದೆ" ಅನ್ನುವುದಕ್ಕಿಂತ ಯಾವ ಥರದ ಗುಂಪಿಗೆ ಚೆನ್ನಾಗಿದೆ ಅಂತ ಹೇಳಿದರೆ ಜಾಸ್ತಿ ಉಪಯೋಗ.


ಹಳೇದಾಳ:

ಪುಸ್ತಕದ ಹೆಸರಿಗೆ ಬರುವ ಮೊದಲು ಸಮಯದ ಲೆಕ್ಕ ಹಾಕಿ. ಎರಡು ವಾರಕ್ಕೊಮ್ಮೆ ಅಂದರೆ ವರ್ಷಕ್ಕೆ 26 ಸಲ, ಮೂರು ಗಂಟೆಯಂತೆ 78 ಗಂಟೆ. ಹಬ್ಬ, ಜ್ವರ, ಮದುವೆ ಎಲ್ಲ ಕಳೆದರೆ 60 ಗಂಟೆ ಸಿಕ್ಕರೆ ದೊಡ್ಡದು. ನೀವು ಹೆಸರಿಸಿದ ಒಂದೊಂದು ಡಿ ಅಂಡ್ ಡಿ ಪುಸ್ತಕವೂ ಲೆವೆಲ್ 1ರಿಂದ 10 ಅಥವಾ 11ರವರೆಗೆ ಹೋಗುತ್ತದೆ, ಫ್ಯಾಂಡೆಲ್ವರ್ 5ಕ್ಕೆ ನಿಲ್ಲುತ್ತಿತ್ತು. ಮೇಲಿನ ಲೆವೆಲ್‌ಗೆ ಹೋದ ಹಾಗೆ ಒಂದೊಂದು ಯುದ್ಧವೂ ಜಾಸ್ತಿ ಹೊತ್ತು ತಿನ್ನುತ್ತದೆ. ಹಾಗಾಗಿ ಫ್ಯಾಂಡೆಲ್ವರ್‌ಗೆ ಎಷ್ಟು ತಿಂಗಳು ಹಿಡಿಯಿತು ಅಂತ ನೋಡಿ, ಅದರ ಎರಡರಷ್ಟಕ್ಕಿಂತ ಜಾಸ್ತಿ ಅಂತಲೇ ಇಟ್ಟುಕೊಳ್ಳಿ. ಒಂದೂವರೆ ವರ್ಷ, ಎರಡು ವರ್ಷ ನಿಮ್ಮ ಐದೂ ಜನ ಒಪ್ಪುತ್ತಾರಾ? ಇದನ್ನು ಮೊದಲು ಕೇಳಬೇಕು.

ಎರಡನೆಯದು, ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ಆಟ ಮುಗಿದ ಮೇಲೆ ಗುಂಪು ಏನನ್ನು ಮಾತಾಡುತ್ತದೋ ಅದೇ ಅವರಿಗೆ ಬೇಕಾದದ್ದು. "ನಿಮಗೆ ಏನು ಇಷ್ಟ" ಅಂತ ಕೇಳಿದರೆ ಜನ ತಮ್ಮ ಬಗ್ಗೆ ತಾವು ಅಂದುಕೊಂಡದ್ದನ್ನು ಹೇಳುತ್ತಾರೆ, ಯುದ್ಧದವನು ಯುದ್ಧ ಅಂತಾನೆ, ಒಗಟಿನವರು ಒಗಟು ಅಂತಾರೆ. ಆದರೆ ಐದೂ ಜನ ಸೇರಿ ಇವತ್ತಿಗೂ ಮಾತಾಡುತ್ತಿರುವುದು ತಮಗಿಂತ ತುಂಬಾ ಬಲವಾದ, ಬುದ್ಧಿ ಇರುವ, ಮಾತಾಡುವ ಒಬ್ಬ ಶತ್ರುವಿನ ಬಗ್ಗೆ. ಅಂಥ ಶತ್ರುವಿನ ಮೇಲೆಯೇ ನಿಂತ ಕ್ಯಾಂಪೇನ್ 'ಕರ್ಸ್ ಆಫ್ ಸ್ಟ್ರಾಡ್'.

ರಕ್ತಪಿಶಾಚಿ ದೊರೆ ಸ್ಟ್ರಾಡ್ ಕೊನೆಯ ಕೋಣೆಯಲ್ಲಿ ಕಾಯುತ್ತಾ ಕೂತ ಖಳ ಅಲ್ಲ. 1983ರ ಮೂಲ 'ರೇವನ್‌ಲಾಫ್ಟ್' ಮಾಡ್ಯೂಲ್‌ನಿಂದಲೇ ಅವನು ಹಾಗೆ. ತನ್ನ ಕೋಟೆಯಲ್ಲಿ ಎಲ್ಲಿ ಬೇಕಾದರೂ ಬರುತ್ತಾನೆ, ಮಾತಾಡಿಸುತ್ತಾನೆ, ಹಿಂದೆ ಸರಿಯುತ್ತಾನೆ, ಮತ್ತೆ ಬರುತ್ತಾನೆ. 2016ರ ಪುಸ್ತಕದಲ್ಲಿ ಇಡೀ ಬರೋವಿಯಾ ಕಣಿವೆಯೇ ಅವನ ಅಂಗಳ. ಪಾರ್ಟಿಗೆ (ಆಟಗಾರರ ಪಾತ್ರಗಳ ತಂಡಕ್ಕೆ) ಪತ್ರ ಬರೆದು ಊಟಕ್ಕೆ ಕರೆಯುತ್ತಾನೆ. ಲೆವೆಲ್ 4ರಲ್ಲಿ ಅವನ ಮೇಜಿನ ಎದುರು ಕೂತಾಗ ಹೊಡೆದಾಡಿ ಗೆಲ್ಲೋಕೆ ಆಗಲ್ಲ ಅಂತ ಎಲ್ಲರಿಗೂ ಗೊತ್ತಿರುತ್ತದೆ, ಆಗ ಮಾತು ಒಂದೇ ಆಯುಧ. ಮಾತುಕತೆಯ ಇಬ್ಬರಿಗೆ ಇದು ಹಬ್ಬ, ಯುದ್ಧ ಬೇಕಾದವರಿಗೂ "ಒಂದು ದಿನ ಇವನನ್ನು ಹೊಡೆಯಬೇಕು" ಅನ್ನೋ ಗುರಿ ಮೊದಲ ದಿನದಿಂದಲೇ ಸಿಗುತ್ತದೆ.

ಒಂದು ಎಚ್ಚರಿಕೆ. ಇದು ಕತ್ತಲೆಯ ಪುಸ್ತಕ. ಓಲ್ಡ್ ಬೋನ್‌ಗ್ರೈಂಡರ್ ಗಿರಣಿಯಲ್ಲಿ ಮಕ್ಕಳಿಗೆ ಆಗುವುದನ್ನು ಕೇಳೋಕೆ ಎಲ್ಲರಿಂದಲೂ ಆಗಲ್ಲ. ವಲ್ಲಾಕಿ ಊರಲ್ಲಿ ಎಲ್ಲರೂ ನಗುತ್ತಲೇ ಇರಬೇಕು ಅಂತ ಊರಿನ ಯಜಮಾನ ಬಲವಂತ ಮಾಡುತ್ತಾನೆ, ಅದೂ ಕೆಲವರಿಗೆ ಹತ್ತಿರದ ನೋವು ಆಗಬಹುದು. ಸೆಷನ್ ಝೀರೋ, ಅಂದರೆ ಆಟ ಶುರುವಾಗುವ ಮೊದಲು ಕೂತು ಮಾತಾಡಿಕೊಳ್ಳುವುದು, ಅದನ್ನು ಮಾಡಿ. ಯಾವುದು ಆಟದಲ್ಲಿ ಬರಲೇಬಾರದು, ಯಾವುದು ಬಂದರೂ ಪರದೆಯ ಹಿಂದೆ ಇರಬೇಕು ಅಂತ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ, ಗುಂಪಿನ ಎದುರು ಹೇಳೋಕೆ ಸಂಕೋಚ ಇರುತ್ತದೆ.

ಮತ್ತೆ, ಲೆವೆಲ್ 5ರ ಪಾತ್ರಗಳನ್ನೇ ಒಳಗೆ ಕಳಿಸಬೇಡಿ. ಬರೋವಿಯಾದ ಭಯ ಇರುವುದೇ ಕಡಿಮೆ ಲೆವೆಲ್‌ನಲ್ಲಿ. ಹೊಸ ಪಾತ್ರ ಮಾಡಿಸಿ.


ಷಟ್ಕೋನ:

ನಾನು 'ಟೂಮ್ ಆಫ್ ಅನಾಯಲೇಷನ್' ಪರವಾಗಿ ಮಾತಾಡುತ್ತೇನೆ, ಯಾಕಂದರೆ ಡಿಎಂಗೆ ಓದುವಾಗಲೇ ಹಿಡಿಸಿದ ಪುಸ್ತಕಕ್ಕೆ ಒಂದು ಬೆಲೆ ಇದೆ. ತಯಾರಿ ಮಾಡುವವರು ನೀವು. ಎರಡು ವಾರಕ್ಕೊಮ್ಮೆ ರಾತ್ರಿ ಕೂತು ಟಿಪ್ಪಣಿ ಬರೆಯುವವರೂ ನೀವೇ. ನಿಮಗೆ ಆಸೆ ಇಲ್ಲದ ಕಥೆ ಆರನೇ ತಿಂಗಳಿಗೆ ನಿಲ್ಲುತ್ತದೆ, ಅದು ಎಷ್ಟೇ ಒಳ್ಳೆ ಪುಸ್ತಕ ಆಗಿರಲಿ.

ಚುಲ್ಟ್ ಕಾಡು ಅದ್ಭುತವಾಗಿದೆ. ಪೋರ್ಟ್ ನ್ಯಾನ್‌ಜಾರು ಊರಲ್ಲಿ ಡೈನೋಸಾರ್ ಓಟದ ಪಂದ್ಯ ಇದೆ, ವ್ಯಾಪಾರಿ ರಾಜಕುಮಾರರ ರಾಜಕೀಯ ಇದೆ, ದಾರಿ ತೋರಿಸುವವರನ್ನು ಆರಿಸುವುದೇ ಒಂದು ಸೆಷನ್ ಆಗುತ್ತದೆ. ಒಬ್ಬೊಬ್ಬ ಗೈಡ್‌ಗೂ ಅವರದೇ ಗುಟ್ಟು. ಆಮೇಲೆ ಕಾಡು, ಒಂದೊಂದೇ ಹೆಕ್ಸ್ (ನಕ್ಷೆಯ ಷಟ್ಕೋನದ ಮನೆ) ದಾಟುತ್ತಾ, ಮಳೆ, ರೋಗ, ಕುಡಿಯುವ ನೀರು, ನಡೆದಾಡುವ ಹೆಣಗಳು. ಕೊನೆಗೆ ಓಮು ಅನ್ನೋ ಹಾಳುಬಿದ್ದ ನಗರ, ಅದರ ಕೆಳಗೆ ಅಸೆರರಾಕ್ ಅನ್ನೋ ಮಾಂತ್ರಿಕ ಕಟ್ಟಿದ ಗೋರಿ, ಅಂತಸ್ತಿನ ಮೇಲೆ ಅಂತಸ್ತು ಒಗಟು ಮತ್ತು ಬಲೆ. ಮಾತು ಕಡಿಮೆ, ಒಗಟಿಗೆ ಮುಂದೆ ಬಾಗುವ ಆ ಒಬ್ಬರಿಗೆ ಇದಕ್ಕಿಂತ ಒಳ್ಳೇದು ಡಿ ಅಂಡ್ ಡಿ ಐದನೇ ಎಡಿಷನ್‌ನಲ್ಲಿ ಸಿಗುವುದಿಲ್ಲ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಆದರೆ ಪುಸ್ತಕದ ಒಳಗೇ ಒಂದು ಜಗಳ ಇದೆ, ಅದನ್ನು ನೀವು ಬಿಡಿಸಿಕೊಳ್ಳಬೇಕು. ಕಥೆ ಶುರುವಾಗುವುದೇ ಒಂದು ಸಾವಿನ ಶಾಪದಿಂದ. ಒಮ್ಮೆ ಸತ್ತು ಮತ್ತೆ ಬದುಕಿ ಬಂದವರೆಲ್ಲ ದಿನದಿನಕ್ಕೂ ಕರಗುತ್ತಿದ್ದಾರೆ, ಹೊಸದಾಗಿ ಯಾರನ್ನೂ ಬದುಕಿಸೋಕೆ ಆಗುತ್ತಿಲ್ಲ. ಕೆಲಸ ಒಪ್ಪಿಸಿದವಳೇ ಸಾಯುತ್ತಿದ್ದಾಳೆ. ಅಂದರೆ ಗಡಿಯಾರ ಓಡುತ್ತಿದೆ, ಬೇಗ ಹೋಗಿ ಅನ್ನುತ್ತದೆ ಕಥೆ. ಇನ್ನೊಂದು ಕಡೆ ದೊಡ್ಡ ನಕ್ಷೆ ಕೊಟ್ಟು, ಅಲ್ಲಿ ನೋಡಿ ಇಲ್ಲಿ ನೋಡಿ, ಸುತ್ತಾಡಿ ಅನ್ನುತ್ತದೆ. ಒಳ್ಳೆ ಮನಸ್ಸಿನ ಆಟಗಾರರು ಏನನ್ನೂ ನೋಡದೆ ನೇರ ಓಡುತ್ತಾರೆ, ಅರ್ಧ ಪುಸ್ತಕ ಹಾಗೇ ಉಳಿಯುತ್ತದೆ. ನನ್ನ ಮೇಜಿನಲ್ಲಿ ಶಾಪವನ್ನು ಮೊದಲು ಬರೀ ಗಾಳಿಸುದ್ದಿಯಾಗಿ ಇಟ್ಟೆ. ಪಾರ್ಟಿ ಬೇರೆ ಕಾರಣಕ್ಕೆ ಕಾಡಿಗೆ ಬಂತು, ನಕ್ಷೆ ಮಾಡಿಕೊಡುವ ಕೆಲಸ. ಕಾಡಿನ ಒಳಗೆ ಸಾಕಷ್ಟು ತಿರುಗಿದ ಮೇಲೆ ಶಾಪ ಜೋರಾಯಿತು. ಹಾಗೆ ಮಾಡಿದರೆ ಸುತ್ತಾಟವೂ ಉಳಿಯುತ್ತದೆ, ಅವಸರವೂ ಉಳಿಯುತ್ತದೆ.

ಬರೋಕೆ ಆಗದ ಆಟಗಾರರ ವಿಷಯದಲ್ಲಿ ಕಾಡಿನ ಭಾಗ ಸುಲಭ. ಜ್ವರ ಬಂದು ಶಿಬಿರದಲ್ಲಿ ಮಲಗಿದ್ದಾರೆ ಅಂದರೆ ಆಯಿತು. ಗೋರಿಯ ಒಳಗೆ ಹೋದ ಮೇಲೆ ಕಷ್ಟ. ಪಾತ್ರಗಳೂ ಸಾಯುತ್ತವೆ ಅಂತ ಮೊದಲೇ ಹೇಳಿಬಿಡಿ. ನಿಮ್ಮ ಮಾತುಕತೆಯ ಇಬ್ಬರಿಗೆ ತಮ್ಮ ಪಾತ್ರದ ಮೇಲೆ ತುಂಬಾ ಪ್ರೀತಿ ಇದ್ದರೆ, ಒಂದು ಬಾಗಿಲು ತಪ್ಪಾಗಿ ತೆರೆದು ಸಾಯುವುದು ಅವರಿಗೆ ಹಿಡಿಸದೇ ಇರಬಹುದು.

'ಸ್ಟಾರ್ಮ್ ಕಿಂಗ್ಸ್ ಥಂಡರ್' ಬಗ್ಗೆಯೂ ಒಂದು ಮಾತು, ಯಾಕಂದರೆ ಯಾರೂ ಹೇಳದೆ ಬಿಡಬಹುದು. ಅದರ ಮೊದಲ ಅಧ್ಯಾಯ ಪಾತ್ರಗಳನ್ನು ಲೆವೆಲ್ 5ಕ್ಕೆ ತರೋಕೆ ಮಾತ್ರ ಇರುವುದು. ನಿಮ್ಮವರು ಆಗಲೇ 5ರಲ್ಲಿದ್ದಾರೆ, ಹಾಗಾಗಿ ಎರಡನೇ ಅಧ್ಯಾಯಕ್ಕೆ ನೇರ ಹೋಗಬಹುದು. ಅಲ್ಲಿ ದೈತ್ಯರ ದಾಳಿಗೆ ಮೂರು ಊರುಗಳಲ್ಲಿ ಒಂದನ್ನು ಆರಿಸಬೇಕು. ಟ್ರೈಬೋರ್ ಆರಿಸಿ, ನಿಮ್ಮ ಹಿಂದಿನ ಕಥೆಯ ಊರಾದ ಫ್ಯಾಂಡಲಿನ್‌ನಿಂದ ಹೊರಡುವ ಹಾದಿ ಸೇರುವುದೇ ಆ ಟ್ರೈಬೋರ್ ಟ್ರೇಲ್‌ಗೆ. ಆದರೆ ಮೂರನೇ ಅಧ್ಯಾಯದಲ್ಲಿ ನಕ್ಷೆ ದೊಡ್ಡದಾಗಿ ಬಿಚ್ಚಿಕೊಂಡು ಕಥೆಯ ಎಳೆ ಕೈತಪ್ಪುತ್ತದೆ. ಡಿಎಂ ತಾನೇ ಎಳೆ ಹಿಡಿಯಬೇಕು. ಎರಡನೇ ಕ್ಯಾಂಪೇನ್‌ಗೆ ನಾನು ಇದನ್ನು ಹೇಳುವುದಿಲ್ಲ.


ಸುಳಿವುಪೆಟ್ಟಿಗೆ:

'ಮಾಸ್ಕ್ಸ್' ಕೇಳಿದ ಆ ಆಟಗಾರರಿಗೆ ನನ್ನ ನಮಸ್ಕಾರ ತಿಳಿಸಿ, ಒಳ್ಳೆ ರುಚಿ ಅವರದು. 1984ರಲ್ಲಿ ಬಂದ ಕ್ಯಾಂಪೇನ್, ಇವತ್ತಿಗೂ ಜನ ಆಡುತ್ತಿದ್ದಾರೆ. 1925ರಲ್ಲಿ ನಡೆಯುವ ಕಥೆ. ನ್ಯೂಯಾರ್ಕ್, ಲಂಡನ್, ಕೈರೋ, ಕೀನ್ಯಾ, ಶಾಂಘೈ, ಆಸ್ಟ್ರೇಲಿಯಾ ಅಂತ ಭೂಮಿ ಸುತ್ತುತ್ತದೆ, ನ್ಯೂಯಾರ್ಕ್ ಬಿಟ್ಟ ಮೇಲೆ ಎಲ್ಲಿಗೆ ಮೊದಲು ಹೋಗಬೇಕು ಅನ್ನೋದು ಆಟಗಾರರ ಕೈಲಿ. ಪತ್ರ, ಪತ್ರಿಕೆ ತುಣುಕು, ಬೆಂಕಿಕಡ್ಡಿ ಪೊಟ್ಟಣ, ಹೀಗೆ ಕೈಗೆ ಕೊಡುವ ಸುಳಿವುಗಳೇ ರಾಶಿ.

ಅದೇ ಕಾರಣಕ್ಕೆ ನಿಮ್ಮ ಗುಂಪಿಗೆ ಈಗ ಬೇಡ ಅಂತೀನಿ.

ಎರಡು ವಾರಕ್ಕೊಮ್ಮೆ ಆಡುವ ಗುಂಪು ಸುಳಿವುಗಳನ್ನು ಮರೆಯುತ್ತದೆ. ಮಾರ್ಚ್‌ನಲ್ಲಿ ಸಿಕ್ಕ ಒಂದು ಹೆಸರು ನವೆಂಬರ್‌ನಲ್ಲಿ ಬೇಕಾಗುತ್ತದೆ. ಯಾರಾದರೂ ಒಬ್ಬರು ಶ್ರದ್ಧೆಯಿಂದ ಡೈರಿ ಬರೆದರೆ ಮಾತ್ರ ಸಾಗುತ್ತದೆ. ಆಗಾಗ ತಪ್ಪಿಸುವ ಆಟಗಾರರಿಗೆ ಅರ್ಧ ಕಥೆ ಗೊತ್ತೇ ಇರುವುದಿಲ್ಲ, ಡಿ ಅಂಡ್ ಡಿಯಲ್ಲಿ ಹಾಗಿದ್ದರೂ ಯುದ್ಧದಲ್ಲಿ ಭಾಗವಹಿಸಬಹುದು, ಇಲ್ಲಿ ತನಿಖೆಯೇ ಆಟ, ಗೊತ್ತಿಲ್ಲದೆ ಕೂತರೆ ಬರೀ ಕೇಳುಗರಾಗುತ್ತಾರೆ. ಯುದ್ಧ ಬೇಕಾದವರಿಗೂ ಇದು ಸರಿಹೋಗಲ್ಲ. ಈ ಆಟದಲ್ಲಿ ಲೆವೆಲ್ ಅನ್ನೋದೇ ಇಲ್ಲ, ಬಂದೂಕು ಹಿಡಿದು ನುಗ್ಗಿದವರು ಬದುಕುವುದು ಕಡಿಮೆ, ಬದುಕಿದರೂ ಬುದ್ಧಿ ಸ್ಥಿಮಿತ ಹೋಗಿರುತ್ತದೆ. ಪಾತ್ರ ಬಲವಾಗುತ್ತಾ ಹೋಗುವುದೇ ಖುಷಿ ಅನ್ನುವವರಿಗೆ ಪಾತ್ರ ಕುಸಿಯುತ್ತಾ ಹೋಗುವ ಆಟ ಕೊಟ್ಟ ಹಾಗೆ.

ಆದರೆ ಆಸೆಯನ್ನು ಪೂರ್ತಿ ತಳ್ಳಿಹಾಕಬೇಡಿ. ಈ ಆಟ ಹೊರತರುವ ಕೇಯಾಸಿಯಮ್‌ನವರ ಉಚಿತ ಕ್ವಿಕ್-ಸ್ಟಾರ್ಟ್‌ನಲ್ಲಿ 'ದಿ ಹಾಂಟಿಂಗ್' ಅಂತ ಒಂದು ಚಿಕ್ಕ ಕಥೆ ಇದೆ, ಒಂದು ಮನೆ, ಒಂದು ಗುಟ್ಟು, ಒಂದೆರಡು ಸೆಷನ್‌ನಲ್ಲಿ ಮುಗಿಯುತ್ತದೆ. ಎರಡು ಕ್ಯಾಂಪೇನ್ ನಡುವಿನ ಖಾಲಿ ಜಾಗದಲ್ಲಿ ಆಡಿ. ಭಯದ ಕಥೆ ನಮಗೆ ಒಗ್ಗುತ್ತಾ ಅಂತ ಕೇಳಿದಿರಲ್ಲಾ, ಅದಕ್ಕೂ ಅಲ್ಲೇ ಉತ್ತರ ಸಿಗುತ್ತದೆ. ಒಂದು ಸಂಜೆ ಆಡಿ ನೋಡಿದರೆ ಗೊತ್ತಾಗುವುದನ್ನು ಎರಡು ವರ್ಷದ ಕ್ಯಾಂಪೇನ್ ಶುರು ಮಾಡಿ ತಿಳಿಯುವುದು ಯಾಕೆ?

ಇನ್ನೊಂದು ದಾರಿ. ಹಾಜರಿಯೇ ನಿಮ್ಮ ದೊಡ್ಡ ತೊಂದರೆ ಅಂತಾದರೆ 'ಬ್ಲೇಡ್ಸ್ ಇನ್ ದಿ ಡಾರ್ಕ್' ನೋಡಿ, 2017ರ ಆಟ. ಎಲ್ಲರೂ ಒಂದೇ ಕಳ್ಳರ ಗುಂಪಿನವರು, ಒಂದು ಸೆಷನ್‌ಗೆ ಒಂದು ಕಳ್ಳತನ. ಯೋಜನೆ ಹಾಕುತ್ತಾ ಗಂಟೆಗಟ್ಟಲೆ ಕೂರುವ ಹಾಗಿಲ್ಲ, ನೇರ ಕೆಲಸದ ಮಧ್ಯಕ್ಕೆ ಹೋಗಿ, "ಇದಕ್ಕೆ ನಾನು ನಿನ್ನೆಯೇ ತಯಾರಿ ಮಾಡಿದ್ದೆ" ಅಂತ ಫ್ಲ್ಯಾಶ್‌ಬ್ಯಾಕ್ ಹಾಕಬಹುದು. ಈ ವಾರ ಯಾರು ಬಂದರೋ ಅವರೇ ಆ ವಾರದ ಕಳ್ಳರು. ಬರದವರು ಬೇರೆ ಕೆಲಸದಲ್ಲಿದ್ದಾರೆ, ಅಷ್ಟೇ. ಪಾತ್ರಕ್ಕಿಂತ ಗುಂಪು ದೊಡ್ಡದು, ಗುಂಪಿಗೂ ಒಂದು ಹಾಳೆ, ಅದೂ ಬೆಳೆಯುತ್ತದೆ.


ಊರಕಥೆ:

ನಾಲ್ಕು ಪುಸ್ತಕದ ಮಾತಾಯಿತು, ನಿಮ್ಮ ಕೊನೆಯ ಸಾಲಿಗೆ ಯಾರೂ ಉತ್ತರ ಕೊಡಲಿಲ್ಲ. "ನಾನೇ ಒಂದು ಲೋಕ ಕಟ್ಟಲಾ" ಅಂದಿರಿ. ಲೋಕ ಕಟ್ಟಬೇಡಿ. ನಿಮ್ಮ ಹತ್ತಿರ ಆಗಲೇ ಒಂದು ಊರಿದೆ.

ಫ್ಯಾಂಡಲಿನ್ ಜನರ ಹೆಸರು ನಿಮ್ಮ ಆಟಗಾರರಿಗೆ ಗೊತ್ತು. ರೆಡ್‌ಬ್ರ್ಯಾಂಡ್ಸ್ ಪುಂಡರ ಗುಂಪು ಹೋದ ಮೇಲೆ ಊರಿನ ಅಧಿಕಾರ ಯಾರಿಗೆ? ಗಣಿ ಮತ್ತೆ ಸಿಕ್ಕಿದೆ, ಅದರ ಮೇಲೆ ಹಕ್ಕು ಯಾರದು, ಹತ್ತಿರದ ನಗರ ನೆವರ್‌ವಿಂಟರ್‌ನ ದೊರೆ ಸುಮ್ಮನಿರುತ್ತಾನಾ? ವೆನಮ್‌ಫ್ಯಾಂಗ್ ಬದುಕಿದೆ, ಇವರು ಹೇಳಿದ ಸುಳ್ಳು ಅದಕ್ಕೆ ಇಷ್ಟರಲ್ಲಿ ಗೊತ್ತಾಗಿರುತ್ತದೆ. ಇದಿಷ್ಟೇ ಸಾಕು. ಒಂದೊಂದು ತೊಂದರೆಗೂ ಒಂದು ಗಡಿಯಾರ ಬರೆಯಿರಿ, ಪಾರ್ಟಿ ಏನೂ ಮಾಡದಿದ್ದರೆ ಮುಂದಿನ ವಾರ ಏನಾಗುತ್ತದೆ, ಅದರ ಮುಂದಿನ ವಾರ ಏನಾಗುತ್ತದೆ ಅಂತ ನಾಲ್ಕೈದು ಸಾಲು. ಅದಕ್ಕಿಂತ ಜಾಸ್ತಿ ಬರೆಯಬೇಡಿ. ದೇವರುಗಳ ವಂಶಾವಳಿ, ಸಾವಿರ ವರ್ಷದ ಇತಿಹಾಸ, ಇದೆಲ್ಲ ಬರೆಯೋಕೆ ಖುಷಿ, ಮೇಜಿಗೆ ಬರುವುದೇ ಇಲ್ಲ.

ಮತ್ತೆ ಬೆನ್ ರಾಬಿನ್ಸ್ ಅವರ ವೆಸ್ಟ್ ಮಾರ್ಚಸ್ ಕ್ರಮ ಕೇಳಿರಬಹುದು. ಊರು ಸುರಕ್ಷಿತ ಜಾಗ, ಸಾಹಸ ಎಲ್ಲಾ ಹೊರಗೆ, ಪ್ರತಿ ಸೆಷನ್ ಊರಿಂದ ಹೊರಟು ಊರಿಗೇ ಮುಗಿಯಬೇಕು, ಯಾರು ಇದ್ದಾರೋ ಅವರು ಹೋಗುತ್ತಾರೆ, ಎಲ್ಲಿಗೆ ಅಂತ ಆಟಗಾರರೇ ನಿರ್ಧರಿಸುತ್ತಾರೆ. ಪಾಳಿ ಕೆಲಸದವರಿಗೆ ಇದಕ್ಕಿಂತ ಅನುಕೂಲ ಯಾವುದೂ ಇಲ್ಲ. ಬೇಕಾದರೆ ನಡುನಡುವೆ 'ಕ್ಯಾಂಡಲ್‌ಕೀಪ್ ಮಿಸ್ಟರೀಸ್' ಥರದ ಬಿಡಿ ಕಥೆಗಳ ಸಂಕಲನದಿಂದ ಒಂದೊಂದು ತೆಗೆದು ಹಾಕಿ, ಅದರಲ್ಲಿ 17 ಇವೆ.

ಅದೇ ಊರಿನಿಂದ ಮುಂದಕ್ಕೆ ಹೋಗುವ ಪುಸ್ತಕವೂ ಇದೆ, 2023ರ 'ಫ್ಯಾಂಡೆಲ್ವರ್ ಅಂಡ್ ಬಿಲೋ'. ಮೊದಲರ್ಧ ನೀವು ಆಡಿದ ಕಥೆಯೇ, ಉಳಿದರ್ಧ ಲೆವೆಲ್ 12ರವರೆಗೆ ಒಯ್ಯುತ್ತದೆ. ಆದರೆ ಆ ಉಳಿದರ್ಧದಲ್ಲಿ ಮನಸ್ಸನ್ನೇ ಹಿಡಿಯುವ ಜೀವಿಗಳಾದ ಮೈಂಡ್ ಫ್ಲೇಯರ್‌ಗಳು, ಡಂಜನ್ (ನೆಲದಡಿಯ ಅಪಾಯದ ಕೋಣೆಗಳ ಜಾಲ) ಮೇಲೆ ಡಂಜನ್. ಊರಿನ ಜನ ಹಿಂದೆ ಸರಿಯುತ್ತಾರೆ. ಡ್ರ್ಯಾಗನ್ ಜೊತೆ ಸುಳ್ಳಾಟ ಆಡಿದ ಗುಂಪಿಗೆ ನನಗೆ ಅದು ಸಪ್ಪೆ ಅನಿಸುತ್ತದೆ.


ಗುಹೆದಾರಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವಿವರವಾಗಿ ಬರೀತೀರಿ ಅಂತ ಅಂದುಕೊಂಡಿರಲಿಲ್ಲ. ನಾನು ನಾಲ್ಕೂ ದಾರಿಯನ್ನು ಮೂರು ಮೂರು ಸಾಲಿನಲ್ಲಿ ಬರೆದು, ಪುಸ್ತಕದ ಹೆಸರು ಹೇಳದೆ, ಗುಂಪಿಗೆ ಕಳಿಸಿದೆ. ಹೆಸರು ಹೇಳಿದರೆ ಹುಡುಕಿ ಓದಿಬಿಡುತ್ತಾರೆ, ಮತ್ತೆ ಹೆಸರು ಕೇಳಿದವರು ಹೆಸರಿಗೇ ಓಟು ಹಾಕುತ್ತಾರೆ. ಜೊತೆಗೆ ಒಬ್ಬೊಬ್ಬರನ್ನೂ ಬೇರೆಯಾಗಿ ಕೇಳಿದೆ.

'ದಿ ಹಾಂಟಿಂಗ್' ಕೂಡ ಆಡಿದೆವು. ಪಾಳಿ ಇರುವವರೂ ಬಂದಿದ್ದರು. ನೆಲಮಾಳಿಗೆಯ ಮೆಟ್ಟಿಲು ಇಳಿಯುವಾಗ ಮೇಜಿನಲ್ಲಿ ಯಾರೂ ಮಾತಾಡಲಿಲ್ಲ, ಯುದ್ಧದವರೂ ಕೂಡ. ಮುಗಿದ ಮೇಲೆ ಅವರೇ "ಇನ್ನೂ ಇಂಥದ್ದು ಬೇಕು, ಆದರೆ ನನ್ನ ಪಾತ್ರ ಬೆಳೀಬೇಕು" ಅಂದರು. ಅಲ್ಲಿಗೆ ನನ್ನ ಅರ್ಧ ಅನುಮಾನ ಹೋಯಿತು.

ಓಟಿನಲ್ಲಿ ಸ್ಟ್ರಾಡ್ ಮುಂದಿದೆ, ಎರಡನೆಯದು ಫ್ಯಾಂಡಲಿನ್. ಚುಲ್ಟ್‌ಗೆ ಒಗಟಿನವರು ಮಾತ್ರ ಕೈ ಎತ್ತಿದರು, ನನಗೆ ಸ್ವಲ್ಪ ಬೇಜಾರೇ, ಅದನ್ನು ಮುಂದಕ್ಕೆ ಎತ್ತಿಟ್ಟಿದ್ದೇನೆ. ಎರಡು ವಿಷಯ ಇನ್ನೂ ಉಳಿದಿದೆ. ಒಬ್ಬರು ಮಕ್ಕಳಿಗೆ ಹಿಂಸೆ ಆಗುವುದು ಯಾವ ರೀತಿಯಲ್ಲೂ ಬೇಡ ಅಂದರು, ಪರದೆಯ ಹಿಂದೆಯೂ ಬೇಡ. ಆ ಗಿರಣಿಯನ್ನು ಏನು ಮಾಡಲಿ? ಇನ್ನೊಂದು, ಬರೋವಿಯಾದಿಂದ ಯಾರೂ ಹೊರಗೆ ಹೋಗೋಕೆ ಆಗಲ್ಲ, ಮಂಜು ಬಿಡಲ್ಲ. ಹಾಗಾದರೆ ಪಾಳಿ ಇರುವವರ ಪಾತ್ರ ಬರದ ದಿನ ಎಲ್ಲಿ ಹೋಗುತ್ತದೆ? ಪ್ರತಿ ಸಲ ಜ್ವರ ಅಂತ ಹೇಳೋಕೆ ಆಗಲ್ಲ ಅಲ್ವಾ.


ಹಳೇದಾಳ:

ಹೆಸರು ಮುಚ್ಚಿ ಕೇಳಿದ್ದು ತುಂಬಾ ಒಳ್ಳೇದು ಮಾಡಿದಿರಿ.

ಗಿರಣಿಯ ಮಾಟಗಾತಿಯರು ಇರಲಿ, ಅವರ ವ್ಯಾಪಾರ ಬದಲಿಸಿ. ಅವರು ಮಾರುವ ಕಜ್ಜಾಯ ತಿಂದರೆ ಒಳ್ಳೆ ಕನಸು ಬೀಳುತ್ತದೆ, ಬರೋವಿಯಾದಂಥ ಜಾಗದಲ್ಲಿ ಜನ ಅದಕ್ಕಾಗಿ ಏನು ಬೇಕಾದರೂ ಕೊಡುತ್ತಾರೆ, ಅದೇ ಆ ಜಾಗದ ನಿಜವಾದ ಭಯ. ಬೆಲೆಯಾಗಿ ನೆನಪು ಕೇಳಲಿ. ಮದುವೆಯ ದಿನದ ನೆನಪು ಮಾರಿ ಗಂಡನ ಮುಖ ಗುರುತು ಸಿಗದೆ ಕೂತ ಹೆಂಗಸು ಒಬ್ಬಳು ಬರೋವಿಯಾ ಹಳ್ಳಿಯಲ್ಲಿ ಇದ್ದರೆ ಸಾಕು, ಮಕ್ಕಳ ವಿಷಯ ಎಲ್ಲೂ ಬರಬೇಕಾಗಿಲ್ಲ. ಹಾಗೇ ಡೆತ್ ಹೌಸ್ ಅನ್ನೋ ಶುರುವಿನ ಮನೆ ಇದೆಯಲ್ಲಾ, ಅದನ್ನು ಪೂರ್ತಿ ಬಿಟ್ಟುಬಿಡಿ. ಅಲ್ಲೂ ಸತ್ತ ಮಕ್ಕಳ ಮಾಯಾರೂಪಗಳೇ ಬಾಗಿಲಲ್ಲಿ ಸಿಗುವುದು, ಅದಿಲ್ಲದೆ ಆ ಮನೆಗೆ ಅರ್ಥ ಇಲ್ಲ. ಜೊತೆಗೆ ಲೆವೆಲ್ 1ರ ಪಾತ್ರಗಳನ್ನು ಅದು ಸುಲಭವಾಗಿ ಕೊಲ್ಲುತ್ತದೆ. ಪಾತ್ರಗಳನ್ನು ಲೆವೆಲ್ 3ರಲ್ಲಿ ಶುರು ಮಾಡಿಸಿ, ನೇರ ಹಳ್ಳಿಗೆ ಕರೆದುಕೊಂಡು ಹೋಗಿ. ಪುಸ್ತಕದಲ್ಲಿ ಮಕ್ಕಳ ವಿಷಯ ಇನ್ನೂ ಅಲ್ಲಲ್ಲಿ ಇದೆ, ಹಾಗಾಗಿ ಶುರು ಮಾಡುವ ಮೊದಲು ಇಡೀ ಪುಸ್ತಕವನ್ನು ಆ ಒಬ್ಬರ ಕಣ್ಣಿನಿಂದ ಓದಿ ಗುರುತು ಹಾಕಿಕೊಳ್ಳಿ. ಕೊಳ್ಳುವುದಾದರೆ 2020ರ ನಂತರದ ಮುದ್ರಣ ಕೊಳ್ಳಿ, ಕಥೆಯ ಅಲೆಮಾರಿಗಳಾದ ವಿಸ್ತಾನಿ ಜನರನ್ನು ಹಳೆಯದರಲ್ಲಿ ಕೆಟ್ಟದಾಗಿ ತೋರಿಸಿದ್ದನ್ನು ಅದರಲ್ಲಿ ತಿದ್ದಿದ್ದಾರೆ.

ಪಾಳಿಯವರಿಗೆ ನನ್ನ ಹತ್ತಿರ ಒಳ್ಳೆ ದಾರಿ ಇದೆ, ಆದರೆ ಇದು ಕಥೆಯ ಗುಟ್ಟು, ನಿಮ್ಮ ಆಟಗಾರರು ಇಲ್ಲಿ ಓದುತ್ತಿಲ್ಲ ತಾನೇ? ಬರೋವಿಯಾದಲ್ಲಿ ಕೀಪರ್ಸ್ ಆಫ್ ದಿ ಫೆದರ್ ಅಂತ ಗುಪ್ತ ಬಳಗ ಇದೆ. ಕಾಗೆಯ ರೂಪ ತಾಳುವ ಮನುಷ್ಯರು, ಸ್ಟ್ರಾಡ್ ವಿರುದ್ಧ ಸದ್ದಿಲ್ಲದೆ ಕೆಲಸ ಮಾಡುವವರು. ಆ ಆಟಗಾರರ ಪಾತ್ರವನ್ನು ಹೊರಗಿನವನಾಗಿ ಮಾಡಬೇಡಿ, ಬರೋವಿಯಾದಲ್ಲೇ ಹುಟ್ಟಿದವನಾಗಿ, ಆ ಬಳಗಕ್ಕೆ ಸುದ್ದಿ ಒಯ್ಯುವವನಾಗಿ ಮಾಡಿ. ಕಾಗೆಯ ರೂಪ ಕೊಡಬೇಕಾಗಿಲ್ಲ, ಅದು ಶುರುವಿನಲ್ಲಿ ಜಾಸ್ತಿ ಬಲ ಆಗುತ್ತದೆ. ಬರದ ದಿನ ಬಳಗದ ಕೆಲಸದ ಮೇಲೆ ಹೋಗಿದ್ದಾನೆ. ಬಂದ ದಿನ ಒಂದು ಸುದ್ದಿ ತರುತ್ತಾನೆ, ಆ ಸುದ್ದಿಯನ್ನು ನೀವು ಹಿಂದಿನ ರಾತ್ರಿ ಅವರಿಗೆ ಮಾತ್ರ ಮೆಸೇಜ್ ಮಾಡಿ. ತಪ್ಪಿಸಿಕೊಂಡವರು ಹಿಂದೆ ಬೀಳುವ ಬದಲು ಉಳಿದವರಿಗೆ ಗೊತ್ತಿಲ್ಲದ್ದನ್ನು ಹಿಡಿದುಕೊಂಡು ಬರುತ್ತಾರೆ. ನನ್ನ ಮೇಜಿನಲ್ಲಿ ಇದು ಎಷ್ಟು ಚೆನ್ನಾಗಿ ನಡೆಯಿತು ಅಂದರೆ ಉಳಿದವರು ಅವರ ದಾರಿ ಕಾಯುತ್ತಿದ್ದರು.

ಫ್ಯಾಂಡಲಿನ್‌ಗೆ ಓಟು ಹಾಕಿದವರ ಹಳೇ ಪಾತ್ರಗಳ ಹಾಳೆ ಎತ್ತಿಡಿ. ಯಾವತ್ತಾದರೂ ಮೂರು ಜನವೇ ಬರುವ ಹಾಗಾದರೆ, ಊರಕಥೆ ಹೇಳಿದ ಥರ ಆ ದಿನ ಆ ಊರಲ್ಲಿ ಒಂದು ಬಿಡಿ ಸಾಹಸ ನಡೆಸಿ, ಸೆಷನ್ ರದ್ದು ಮಾಡುವುದಕ್ಕಿಂತ ಒಳ್ಳೇದು.


ಷಟ್ಕೋನ:

ಚುಲ್ಟ್ ಸೋತರೂ ಒಂದು ಮಾತು ಸೇರಿಸುತ್ತೇನೆ. ಸ್ಟ್ರಾಡ್ ಕಥೆಯಲ್ಲಿ ಭವಿಷ್ಯ ಹೇಳುವ ಟರೋಕಾ ಕಾರ್ಡ್‌ಗಳನ್ನು ಆಟಗಾರರ ಎದುರು ಎಳೆಯುವ ಮೊದಲು ನೀವೊಬ್ಬರೇ ಕೂತು ಎಳೆದು ನೋಡಿ. ಸೂರ್ಯಖಡ್ಗ, ಪವಿತ್ರ ಲಾಂಛನ, ಸ್ಟ್ರಾಡ್‌ನ ದಿನಚರಿ ಎಲ್ಲಿವೆ, ಜೊತೆಗಾರ ಯಾರು, ಕೊನೆಯ ಯುದ್ಧ ಕೋಟೆಯ ಯಾವ ಜಾಗದಲ್ಲಿ, ಇಷ್ಟೂ ಆ ಐದು ಕಾರ್ಡ್‌ನ ಮೇಲೆ ನಿಂತಿದೆ. ಮೂರು ವಸ್ತುವೂ ಕಥೆಯ ಕೊನೆಯ ಕಡೆ ಬರುವ ಆಂಬರ್ ಟೆಂಪಲ್ ಕಡೆಗೋ ಕೋಟೆಯ ಒಳಕ್ಕೋ ಹೋದರೆ ಮೊದಲರ್ಧ ಖಾಲಿ ಆಗುತ್ತದೆ. ಒಂದು ವಸ್ತುವಾದರೂ ವಲ್ಲಾಕಿಗೆ ಹತ್ತಿರ ಇರುವ ಹಾಗೆ ಜೋಡಿಸಿಕೊಂಡು, ಕಾರ್ಡ್ ಓದುವ ಮೇಡಂ ಈವಾ ದೃಶ್ಯದಲ್ಲಿ ಅದೇ ಕ್ರಮದಲ್ಲಿ ತೆಗೆಯಿರಿ. ಆ ಭವಿಷ್ಯದ ಸಾಲುಗಳನ್ನು ಒಂದು ಹಾಳೆಯಲ್ಲಿ ಬರೆದು ಆಟಗಾರರ ಕೈಗೆ ಕೊಡಿ. ನಿಮ್ಮ ಒಗಟಿನವರಿಗೆ ಕೊಟ್ಟರೆ ಇನ್ನೂ ಒಳ್ಳೇದು, ಮುಂದಿನ ಎಷ್ಟೋ ಸೆಷನ್‌ಗೆ ಅವರ ಕೈಯಲ್ಲಿ ಒಂದು ಕೆಲಸ ಇರುತ್ತದೆ.